ಅತ್ತೆಯ ಟೀಗೊಂದು ಊರು

ನಮ್ಮ ಅತ್ತೆಯ ಮನೆಗೆ ಹೋದವರು ಟೀ ಕೇಳಬಾರದು. ಕೊಡುವುದಿಲ್ಲ ಎಂದಲ್ಲ, ಕೊಡುತ್ತಾರೆ. ಆದರೆ ಅದಕ್ಕೆ ಮೊದಲು, ಹೆಣ್ಣು ಕೊಡುವವರು ಗಂಡಿನ ಕುಲಗೋತ್ರ ವಿಚಾರಿಸಿದ ಹಾಗೆ, ಆ ಎಲೆಯ ಪೂರ್ವೋತ್ತರವನ್ನೆಲ್ಲ ನೀವು ಕೇಳಿಸಿಕೊಳ್ಳಬೇಕು. ಅದು ಹುಟ್ಟಿದ್ದು ಯಾವ ಬೆಟ್ಟದಲ್ಲಿ, ಬೆಟ್ಟದ ಯಾವ ಮಗ್ಗುಲಲ್ಲಿ, ಚಿಗುರು ಕಿತ್ತದ್ದು ಚಳಿ ಮುಗಿದ ಮೇಲೋ ಮಳೆ ಹಿಡಿಯುವ ಮುಂಚೆಯೋ... ಇಷ್ಟಾಗುವ ಹೊತ್ತಿಗೆ ಬಂದವರ ಬಾಯಾರಿಕೆ ತಾನಾಗಿಯೇ ಹೋಗಿರುತ್ತದೆ! ಎರಡು ಊರಿನ ಎಲೆ ಬೆರೆಸಿದ ಪುಡಿ ಅತ್ತೆಯ ಪಾಲಿಗೆ ಟೀಯೇ ಅಲ್ಲ. ಅದಕ್ಕೆ ಅವರು ಇಟ್ಟಿರುವ ಹೆಸರು ‘ಸಂತೆ’.

ಅತ್ತೆ ಎಂದರೆ ಅಪ್ಪನ ತಂಗಿ. ಕೆ.ಆರ್. ಪುರದ ಆಚೆ ರಾಗಿ ಬೆಳೆಯುತ್ತಿದ್ದ ಮನೆತನ ನಮ್ಮದು. ಆ ಹೊಲಗಳಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ನಮ್ಮಲ್ಲಿ ಟೀ ಎಂದರೆ ಬೆಲ್ಲ ಹಾಕಿ ಕುದಿಸಿದ ಕೆಂಪು ನೀರು, ಲೋಟ ದೊಡ್ಡದಿದ್ದರೆ ಟೀ ಚೆನ್ನಾಗಿದೆ ಎಂದು ಅರ್ಥ. ಅಲ್ಲಿ ಬೆಳೆದ ಅತ್ತೆಗೆ ಇದು ಎಲ್ಲಿಂದ ಅಂಟಿತು? ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಾವ ಒಂದು ವರ್ಷ ಪ್ರವಾಸಕ್ಕೆಂದು ಕೊಡುವ ಎಲ್‌ಟಿಸಿ ತೆಗೆದುಕೊಂಡು ಅವರನ್ನು ಡಾರ್ಜಿಲಿಂಗ್‌ಗೆ ಕರೆದುಕೊಂಡು ಹೋದರು. ಜೊತೆಗಿದ್ದವರೆಲ್ಲ ಹಿಮದ ಶಿಖರ ನೋಡಿ ಬಂದರು. ಅತ್ತೆ ಒಂದು ತೋಟದ ಬಾಗಿಲಲ್ಲಿ ಕೊಟ್ಟ ಬಟ್ಟಲೊಳಗೆ ನೋಡಿದವರು ಇನ್ನೂ ತಲೆ ಎತ್ತಿಲ್ಲ.

ಅಂದಿನಿಂದ ಅವರಿಗಿದ್ದ ಆಸೆ ಒಂದೇ. ಅಲ್ಲಿಗೆ ಕರೆದುಕೊಂಡು ಹೋದ ಗಂಡ, ತಾವು ಮಾಡಿದ ಟೀಯನ್ನು ಒಮ್ಮೆಯಾದರೂ ತಳದವರೆಗೆ ಕುಡಿಯಬೇಕು. ಮಾವ ಕೆಟ್ಟವರಲ್ಲ, ಎರಡು ಗುಟುಕು ಕುಡಿಯುತ್ತಿದ್ದರು. “ಬಿಸಿನೀರು ಚೆನ್ನಾಗಿ ಕಾಯಿಸ್ತೀಯ ಕಣೆ” ಎಂದು ಪ್ರಾಮಾಣಿಕವಾಗಿ ಹೊಗಳುತ್ತಿದ್ದರು. ಮಿಕ್ಕಿದ್ದು ಕಿಟಕಿಯ ಪಕ್ಕದ ಕರಿಬೇವಿನ ಕುಂಡಕ್ಕೆ ಹೋಗುತ್ತಿತ್ತು. ಜೀವನ್ ಬಿಮಾ ನಗರದಲ್ಲಿ ಅಷ್ಟು ಸೊಂಪಾದ ಕರಿಬೇವನ್ನು ನಾನು ಬೇರೆಲ್ಲೂ ಕಂಡಿಲ್ಲ. ಡಾರ್ಜಿಲಿಂಗ್ ಕುಡಿದು ಬೆಳೆದ ಗಿಡವಲ್ಲವೇ!

ಆ ಮನೆಯ ಅಡುಗೆಮನೆಗೆ ಕಾನೂನುಗಳಿದ್ದವು. ಟೀ ಪೊಟ್ಟಣ ಬಿಚ್ಚಿರುವಾಗ ಒಗ್ಗರಣೆ ಹಾಕಕೂಡದು. ಇಂಗಿನ ಡಬ್ಬಿಯನ್ನಂತೂ ಹಿತ್ತಲಿಗೆ ಗಡೀಪಾರು ಮಾಡಲಾಗಿತ್ತು. ಎಲೆಗೆ ಬೆಳಕು ಆಗದು, ಸೆಕೆ ಆಗದು ಎಂದು ಪೊಟ್ಟಣಗಳೆಲ್ಲ ಕೋಣೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ ನೆಲೆಸಿದವು. ಸೀರೆಗಳ ನಡುವೆ ನುಸಿಗುಳಿಗೆ ಇತ್ತು. ಅದರ ವಾಸನೆ ಕಾಂಗ್ರಾ ಕಣಿವೆಯ ಎಲೆಗೆ ಹತ್ತೀತೆಂದು ಅತ್ತೆ ಗುಳಿಗೆಗಳನ್ನೆಲ್ಲ ಆರಿಸಿ ಹೊರಗೆಸೆದರು. ಮಳೆಗಾಲ ಕಳೆದ ಮೇಲೆ ನೋಡಿದರೆ ಧಾರೆ ಸೀರೆಯ ಸೆರಗು ಜರಡಿಯಾಗಿತ್ತು. ನಾವೆಲ್ಲ ಅಯ್ಯೋ ಎಂದೆವು. ಅತ್ತೆ ಪೊಟ್ಟಣ ಮೂಸಿ ನೋಡಿ, ಕಾಂಗ್ರಾಕ್ಕೆ ಏನೂ ಆಗಿಲ್ಲ ಎಂದು ನೆಮ್ಮದಿಯ ಉಸಿರುಬಿಟ್ಟರು.

ಊರಿನಿಂದ ಅಪ್ಪನ ದೊಡ್ಡಪ್ಪ ಬಂದಿದ್ದ ದಿನ ನಾನೂ ಅಲ್ಲಿದ್ದೆ. ನೀರು ಕುದಿದ ಮೇಲೆ ಅತ್ತೆ ಅದನ್ನು ಎಲೆಯ ಮೇಲೆ ಸುರಿಯದೆ ಸುಮ್ಮನೆ ನಿಂತರು. ವಸಂತದ ಎಳೆ ಚಿಗುರಿಗೆ ಕುದಿನೀರು ಹಾಕಿದರೆ ಅದು ಕಹಿಯಾಗುತ್ತದೆಯಂತೆ. ನೀರಿನ ಸಿಟ್ಟು ಇಳಿಯಬೇಕು. ಕೊನೆಗೆ ಬಿಳಿ ಬಟ್ಟಲಿನಲ್ಲಿ ತೆಳು ಹೊಂಬಣ್ಣದ ಟೀ ಬಂತು. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಮೆಲ್ಲಗೆ ವಿಚಾರಿಸಿದರು. ಹಾಲು ಕೇಳಿದರು. ಇದಕ್ಕೆ ಹಾಲು ಬೆರೆಸುವುದು ಪಾಪ ಎಂದು ಅತ್ತೆ ಹಾಲನ್ನು ಬೇರೆ ಲೋಟದಲ್ಲಿ ತಂದಿಟ್ಟರು. ದೊಡ್ಡಪ್ಪ ಒಂದನ್ನು ಕುಡಿದು, ಅದರ ಹಿಂದೆಯೇ ಇನ್ನೊಂದನ್ನೂ ಕುಡಿದು, ಪಂಚೆಯ ಅಂಚಿನಲ್ಲಿ ಮೀಸೆ ಒರೆಸಿಕೊಂಡರು.

“ಒಳಗೋಗಿ ಸೇರ್ಕೊಳ್ತವೆ ಬಿಡವ್ವ” ಎಂದರು.

ಮಾವನ ಟೀ ಶಿವಾಜಿನಗರದಲ್ಲಿತ್ತು. ಭಾನುವಾರ ಬೆಳಿಗ್ಗೆ ಮಟನ್ ತರುವ ನೆಪದಲ್ಲಿ ಮಾರ್ಕೆಟ್ಟಿಗೆ ಹೋಗಿ, ಪಕ್ಕದ ಸಣ್ಣ ಹೋಟೆಲಿನಲ್ಲಿ ಕೆನೆ ತೇಲುವ ಗಟ್ಟಿ ಟೀ ಕುಡಿದು ಬರುತ್ತಿದ್ದರು. ಮನೆಗೆ ಬಂದು ಬಾಯಿ ಮುಕ್ಕಳಿಸಿದರೂ ಅತ್ತೆಯ ಮೂಗಿಗೆ ಏಲಕ್ಕಿ ಸಿಕ್ಕಿಬೀಳುತ್ತಿತ್ತು. ಒಂದು ಭಾನುವಾರ ಅತ್ತೆ ತಾವೂ ಬರುವುದಾಗಿ ಹೊರಟರು. ಚೀಲ ಹಿಡಿಯಲು ನನ್ನನ್ನೂ ಕರೆದರು. ಹೋಟೆಲಿನಲ್ಲಿ ಮಾವನ ಲೋಟವನ್ನು ಎತ್ತಿ ಮೂಸಿ, ಗಲ್ಲಾದಲ್ಲಿ ಕೂತಿದ್ದ ಯಜಮಾನರನ್ನು ನೇರವಾಗಿ ಕೇಳಿದರು.

“ಈ ಟೀ ಯಾವ ಊರಿಂದು?”

ಅವರು ಒಂದು ಗಳಿಗೆ ಯೋಚಿಸಿದರು. “ಇಲ್ಲೀದೇ ಅಮ್ಮಾ. ಶಿವಾಜಿನಗರದ್ದೇ.”

ಮಾವ ಲೋಟ ವಾಪಸ್ಸು ತೆಗೆದುಕೊಂಡರು. “ಕೇಳಿಸ್ತಾ? ಇದೂ ಒಂದೇ ಊರಿಂದು” ಎಂದರು. ಮಾವ ಹಲಸೂರು ಕೆರೆ ದಾಟುವವರೆಗೂ ನಗುತ್ತಲೇ ಇದ್ದರು.

ಹೋದ ವರ್ಷ ಮಾವನಿಗೆ ಪಾರ್ಶ್ವವಾಯು ಬಡಿಯಿತು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಬಲಗೈ ಸೋತಿತು. ಮಾತು ತೊದಲಿತು. ಆಸ್ಪತ್ರೆಯಲ್ಲಿ ಮೂಗಿನೊಳಗೆ ನಳಿಕೆ ಹಾಕಿ ಆಹಾರ ಕೊಟ್ಟರು. ಅದನ್ನು ಕಿತ್ತುಹಾಕಲು ಅವರು ಎಡಗೈಯಲ್ಲಿ ಎಷ್ಟು ಹೆಣಗುತ್ತಿದ್ದರೆಂದರೆ, ಆ ಕೈಯನ್ನು ಮಂಚಕ್ಕೆ ಕಟ್ಟಿದ್ದರು. ಮನೆಗೆ ಕಳಿಸುವ ಮುಂಚೆ ನಳಿಕೆ ತೆಗೆದರು. ನುಂಗುವುದನ್ನು ಕಲಿಸುವ ಹುಡುಗಿಯೊಬ್ಬಳು ಬಂದು ಅತ್ತೆಯನ್ನು ಕೂರಿಸಿಕೊಂಡು ಹೇಳಿಕೊಟ್ಟಳು. ಗಂಟಲು ಸೋತಿದೆ, ಕೊಡುವುದೆಲ್ಲ ಗಂಜಿಯ ಹದದಲ್ಲಿರಬೇಕು. ತೆಳ್ಳಗಿದ್ದಷ್ಟೂ ಅದು ಶ್ವಾಸನಾಳಕ್ಕೆ ಜಾರುತ್ತದೆ. ಬಾಯಿಂದ ಸಾಕಷ್ಟು ಹೋಗದಿದ್ದರೆ ಮತ್ತೆ ನಳಿಕೆಯೇ ಗತಿ.

“ಟೀ?” ಎಂದು ಕೇಳಿದರು ಅತ್ತೆ.

“ತೆಳ್ಳಗಿನ ಟೀ ಅಂತೂ ಬೇಡವೇ ಬೇಡ ಆಂಟಿ.”

ಅತ್ತೆ ತಲೆಯಾಡಿಸಿದರು.

ಮನೆಗೆ ಬಂದ ಮಾವ ಯಾವುದಕ್ಕೂ ತುಟಿ ತೆರೆಯಲಿಲ್ಲ. ಗಂಜಿ ಬೇಡ. ಆಸ್ಪತ್ರೆಯವರು ಕೊಟ್ಟ ಪುಡಿ ಬೆರೆಸಿ ಗಟ್ಟಿ ಮಾಡಿದ ಹಣ್ಣಿನ ರಸ ಬೇಡ. ಚಮಚ ಹತ್ತಿರ ಬಂದರೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು. ಸಂಜೆಯ ಹೊತ್ತಿಗೆ ಆ ಹುಡುಗಿಗೆ ಫೋನ್ ಮಾಡಿದೆವು. ನಾಳೆಯೂ ಹೀಗೇ ಆದರೆ ಕರೆದುಕೊಂಡು ಬನ್ನಿ ಎಂದಳು. ನಳಿಕೆಗೇ ಎಂದು ನಮಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ರಾಮಮೂರ್ತಿ ನಗರದ ನನ್ನ ಮನೆಯಿಂದ ನಾನು ಹೋದಾಗ ಅತ್ತೆ ಒಲೆಯ ಮುಂದಿದ್ದರು. ಪಾತ್ರೆಯಲ್ಲಿ ಹಾಲು ಇತ್ತು. ಹಾಲಿನಲ್ಲಿ ಟೀ ಎಲೆ ಇತ್ತು, ಜಜ್ಜಿದ ಏಲಕ್ಕಿಯೂ ಇತ್ತು. ಎಲ್ಲವೂ ಒಟ್ಟಿಗೆ ಕುದಿಯುತ್ತಿದ್ದವು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅತ್ತೆ ತಿರುಗಿ ನೋಡದೆ ಹೇಳಿದರು. “ಅಸ್ಸಾಮಿಂದು ಕಣೋ. ಹಾಲಿಗೆ ತಡ್ಕೊಳ್ಳೋದು ಇದೊಂದೇ.” ಉರಿ ಸಣ್ಣ ಮಾಡಿ, “ಮೊದ್ಲಿಂದ್ಲೂ ಗೊತ್ತಿತ್ತು” ಎಂದರು.

ಸೋಸಿ, ರಾಗಿ ಹಿಟ್ಟು ಕಲಸಿದ ನೀರನ್ನು ಅದಕ್ಕೆ ಬೆರೆಸಿ, ಗಂಟಾಗದಂತೆ ಕಲಕುತ್ತಾ ಬೇಯಿಸಿದರು. ಚಮಚದಲ್ಲಿ ಎತ್ತಿ ಬಾಗಿಸಿ, ಅದು ನಿಧಾನವಾಗಿ ಜಾರುವುದನ್ನು ನೋಡಿದರು. ತಾವೇ ಒಂದು ಚಮಚ ರುಚಿ ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಬಟ್ಟಲಿಗೆ ಹಾಕಿ ಆರಿಸಿ ಕೋಣೆಗೆ ತಂದರು.

ಮಾವ ಗೋಡೆಯ ಕಡೆ ತಿರುಗಿ ಕೂತಿದ್ದರು. ವಾಸನೆ ಹೋಗಿ ಮುಟ್ಟಿತೆಂದು ಕಾಣುತ್ತದೆ. ಮುಖ ಈಚೆಗೆ ಬಂತು. ಅತ್ತೆ ಅವರ ಗದ್ದವನ್ನು, ಆ ಹುಡುಗಿ ತೋರಿಸಿಕೊಟ್ಟ ಹಾಗೆ, ಸ್ವಲ್ಪ ಕೆಳಗೆ ಮಾಡಿ ಅರ್ಧ ಚಮಚ ಬಾಯಿಗಿಟ್ಟರು. ಎಡಗೈಯ ಎರಡು ಬೆರಳನ್ನು ಅವರ ಗಂಟಲ ಮೇಲೆ ಇಟ್ಟರು.

“ನುಂಗ್ರೀ.”

ಏನೂ ಆಗಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಗಂಟಲ ಗಂಟು ಮೇಲೆದ್ದು ಕೆಳಗಿಳಿಯಿತು.

“ಇಳೀತು” ಎಂದರು ಅತ್ತೆ.

ಇನ್ನೊಂದು ಚಮಚ. ಮತ್ತೆ ಬೆರಳು, ಮತ್ತೆ ಕಾಯುವುದು. ಪ್ರತಿ ಸಲವೂ ಆ ಒಂದೇ ಮಾತು, ಸಣ್ಣ ದನಿಯಲ್ಲಿ. ಬೀದಿಯಲ್ಲಿ ತರಕಾರಿ ಗಾಡಿ ಕೂಗಿಕೊಂಡು ಹೋಯಿತು, ಪಕ್ಕದ ಮನೆಯ ಕುಕ್ಕರ್ ಕೂಗಿತು.

ಬಟ್ಟಲು ಖಾಲಿಯಾಗಿತ್ತು, ತಳ ಕಾಣುತ್ತಿತ್ತು. ಅತ್ತೆ ಅದನ್ನು ನೋಡಲಿಲ್ಲ. ಅವರ ಬೆರಳು ಇನ್ನೂ ಮಾವನ ಗಂಟಲ ಮೇಲಿತ್ತು, ಕೊನೆಯ ಚಮಚ ಇಳಿಯುವುದನ್ನು ಕಾಯುತ್ತಾ.