ಪಿಕಲ್‌ಗೆ ಮುಳ್ಳು ಉದುರುವಾಗ ನನಗೆ ಕೆಲಸ ಇರಲಿಲ್ಲ

ಬರಗಾಲದಲ್ಲಿ ಅಧಿಕಮಾಸ ಅಂತಾರಲ್ಲ, ಅದು ನನ್ನ ಹಣೆಯಲ್ಲಿ ಯಾವತ್ತೂ ತಪ್ಪಿದ್ದಿಲ್ಲ. ರಿಸೆಷನ್ನಿನಲ್ಲಿ ನನ್ನ ಕೆಲಸ ಹೋಗಿ ಆರು ತಿಂಗಳಾಗಿತ್ತು. ಹದಿನಾಲ್ಕು ವರ್ಷ ದುಡಿದವನ ಕೈಗೆ ಸಾಮಾನು ತುಂಬಿಕೋ ಅಂತ ಒಂದು ರಟ್ಟಿನ ಡಬ್ಬ ಕೊಟ್ಟು, ಸೆಕ್ಯೂರಿಟಿಯವನನ್ನ ಜೊತೆಗೆ ಕಳಿಸಿ ಆಚೆ ದಬ್ಬಿದ್ದರು. ನನಗೆ ಸಿಟ್ಟು ಅಂದರೆ ಸಿಟ್ಟು. ಕಾಫಿ ಲೋಟದ ಮೇಲೂ ಸಿಟ್ಟು. ಅಂಥ ಹೊತ್ತಲ್ಲಿ ಅಮೆರಿಕದ ನಮ್ಮ ವೆಸ್ಟ್‌ಮಂಟ್ ಮನೆಗೆ, ಮಗಳ ಹುಟ್ಟುಹಬ್ಬಕ್ಕೆ ಅಂತ, ಒಂದು ಹೆಡ್ಜ್‌ಹಾಗ್ ಬಂತು. ಅಂಗೈಯಗಲದ ಪ್ರಾಣಿ, ಬೆನ್ನು ತುಂಬ ಮುಳ್ಳು, ಹೆಸರು ಪಿಕಲ್.

ಹೇಗೂ ಮನೇಲೇ ಇರ್ತೀರಲ್ಲ

ಬಂದ ಎರಡೇ ವಾರಕ್ಕೆ ಅದರ ಮುಳ್ಳು ಉದುರೋಕೆ ಶುರುವಾಯ್ತು. ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಲ್ಲ, ಹಾಗೆ. ಅದಕ್ಕೆ ಕ್ವಿಲಿಂಗ್ ಅಂತ ಹೆಸರು. ಹೊಸ ಮುಳ್ಳು ಚರ್ಮ ಸೀಳಿಕೊಂಡು ಬರುವಾಗ ಮೈಯೆಲ್ಲಾ ನೋವು. ಹತ್ತಿರ ಹೋದರೆ ಬುಸ್ ಬುಸ್ ಅಂತ ಉಂಡೆಯಾಗಿ ಎಗರುತ್ತೆ. ಆದರೂ ದಿನಾ ಅರ್ಧ ಗಂಟೆ ಕೈಯಲ್ಲಿ ಹಿಡ್ಕೊಳ್ಳಲೇಬೇಕಂತೆ, ಇಲ್ಲದಿದ್ದರೆ ಜನರ ರೂಢಿಯೇ ತಪ್ಪಿಹೋಗುತ್ತಂತೆ.

"ಯಾರು ಹಿಡ್ಕೋತಾರೆ?" ಅಂದೆ.

"ಹೇಗೂ ಮನೇಲೇ ಇರ್ತೀರಲ್ಲ," ಅಂದಳು ಹೆಂಡತಿ, ಡ್ಯೂಟಿಗೆ ಹೊರಡುತ್ತಾ.

ಆ ಮಾತು ಮುಳ್ಳಿಗಿಂತ ಜೋರಾಗಿ ಚುಚ್ಚಿತು. ಹಲ್ಲು ಕಚ್ಚಿಕೊಂಡು ಓವನ್ನಿನ ಗ್ಲೌಸ್ ಹಾಕ್ಕೊಂಡೆ. ಹತ್ತು ವರ್ಷದ ಮಗಳು ತಡೆದಳು. "ನೋ ಗ್ಲೌಸ್, ಅಪ್ಪಾ! ಅದಕ್ಕೆ ನಿನ್ನ ಸ್ಮೆಲ್ ಗೊತ್ತಾಗಬೇಕು." ಬರಿಗೈಯನ್ನ ಹೊಟ್ಟೆ ಕೆಳಗೆ ತೂರಿಸಿ ಎತ್ತಿದೆ. ಪಿಕಲ್ ನನ್ನ ಹೆಬ್ಬೆರಳು ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ಕಚ್ಚಿತು.

"ಸೀ? ಈಗ ನೀನು ಯಾರೂಂತ ಗೊತ್ತಾಯ್ತು," ಅಂದಳು ಮಗಳು.

ಉಷ್ಣ

ಅದೇ ಬೇಸಿಗೆಗೆ ಮೈಸೂರಿಂದ ಅತ್ತೆ ಬಂದಿದ್ದರು. ಟವೆಲ್ ಮೇಲೆ ಬಿದ್ದ ಮುಳ್ಳುಗಳನ್ನ ನೋಡಿ ಲೊಚಗುಟ್ಟಿದರು. "ಅಯ್ಯೋ ಪಾಪ, ಹೀಗೆ ಉದುರ್ತಿದೆ ಅಂದ್ರೆ ಮೈಗೆ ಉಷ್ಣ ಆಗಿದೆ ಕಣ್ರೀ. ಹರಳೆಣ್ಣೆ ಹಚ್ಚಿ ನೀರು ಹಾಕಿದ್ರೆ ಎಲ್ಲಾ ಸರಿಹೋಗುತ್ತೆ."

ಬೇಡ ಅನ್ನೋಷ್ಟರಲ್ಲಿ ಎಣ್ಣೆ ಹಚ್ಚಿಯಾಗಿತ್ತು. ಎಣ್ಣೆ ಮೂಸಿದ್ದೇ ತಡ, ಪಿಕಲ್ ಬಾಯಲ್ಲಿ ಬುರುಬುರು ನೊರೆ! ಕತ್ತು ತಿರುಚಿ ಆ ನೊರೆಯನ್ನ ತನ್ನ ಬೆನ್ನಿಗೇ ಮೆತ್ತಿಕೊಳ್ಳೋಕೆ ಶುರುಮಾಡ್ತು. ಮಗಳು ಕಿಟಾರನೆ ಕಿರುಚಿದಳು. ಅತ್ತೆಗೆ ಬೈಯೋ ಹಾಗಿಲ್ಲ, ಆ ಸಿಟ್ಟನ್ನೆಲ್ಲಾ ಆಕ್ಸಿಲರೇಟರ್ ಮೇಲೆ ತೋರಿಸಿ ಪ್ರಾಣಿಗಳ ಡಾಕ್ಟರ್ ಹತ್ತಿರ ಓಡಿದೆ.

ಡಾಕ್ಟರಮ್ಮ ಎಣ್ಣೆ ಕತೆ ಕೇಳಿ ನಕ್ಕರು. ಹೊಸ ವಾಸನೆ ಸಿಕ್ಕರೆ ಇವು ಹೀಗೆ ಮಾಡೋದು ಮಾಮೂಲಂತೆ. ಆಮೇಲೆ ಅವರ ಕಣ್ಣು ನನ್ನ ತಲೆಗೆ ಹೋಯ್ತು. ಮಿಕ್ಕ ಎಣ್ಣೆ ದಂಡವಾಗಬಾರದು ಅಂತ ಅತ್ತೆ ನನ್ನ ನೆತ್ತಿಗೂ ತಟ್ಟಿಬಿಟ್ಟಿದ್ದರು. ಹಣೆ ಮೇಲೆ ಇಳೀತಿತ್ತು.

"ನಿಮಗೂ ಉದುರ್ತಿದೆಯಾ?" ಅಂದರು ಡಾಕ್ಟರು.

ಪಾಸಿಟಿವ್ ಅಂಕಲ್

ಲೆಮಾಂಟ್ ದೇವಸ್ಥಾನದಲ್ಲಿ ಸಿಕ್ಕಿದಾಗಲೆಲ್ಲಾ ಉಪದೇಶ ಕೊಡೋ ಅಂಕಲ್ ಒಬ್ಬರಿದ್ದರು. ಒಂದು ಭಾನುವಾರ ಮನೆಗೇ ಬಂದರು. "ನಿಮ್ಮ ಮುಖದಲ್ಲೇ ಕೋಪ ಕಾಣುತ್ತೆ. ಅದಕ್ಕೇ ಇಂಟರ್‌ವ್ಯೂ ಆಗ್ತಿಲ್ಲ. ಪಾಸಿಟಿವ್ ಆಗಿರಿ," ಅಂದರು. ಮೂರು ಕಪ್ ಕಾಫಿ ಕುಡಿಯೋತನಕ ಅದನ್ನೇ ಅಂದರು. ನಾನು ಮುಷ್ಟಿ ಬಿಗಿಹಿಡಿದು ಕೂತಿದ್ದೆ.

ಕೊನೆಗೆ ಅವರ ಕಣ್ಣು ಪಂಜರಕ್ಕೆ ಹೋಯ್ತು. "ಮುಟ್ಟಬೇಡಿ ಅಂಕಲ್, ಅದಕ್ಕೀಗ ಮೈ ಸರಿಯಿಲ್ಲ," ಅಂದೆ.

"ಪ್ರೀತಿಗೆ ಬಗ್ಗದ ಪ್ರಾಣಿ ಇಲ್ಲ ಕಣ್ರೀ," ಅಂತ ಮೇಲಿಂದ ಅಂಗೈ ಊರೇಬಿಟ್ಟರು. ಮರುಕ್ಷಣ ಅವರ ಬಾಯಿಂದ ಬಂದ ಮಾತನ್ನ ಇಲ್ಲಿ ಬರೆಯೋ ಹಾಗಿಲ್ಲ. ಅದರ ಅಮ್ಮ, ಅಜ್ಜಿ ಯಾರನ್ನೂ ಬಿಡಲಿಲ್ಲ.

ನಾನು ಹತ್ತಿ ತಂದುಕೊಟ್ಟು, ತಣ್ಣಗೆ ಹೇಳಿದೆ, "ಪಾಸಿಟಿವ್ ಆಗಿರಿ ಅಂಕಲ್."

ಇಟಾಸ್ಕಾದಲ್ಲಿ

ಏಳನೇ ತಿಂಗಳಲ್ಲಿ ಹತ್ತಿರದ ಇಟಾಸ್ಕಾದ ಒಂದು ಆಫೀಸಿಂದ ಕರೆ ಬಂತು. ಇದೂ ಕೈಕೊಟ್ಟರೆ ಮನೆ ಮಾರಿ ಬೇರೆ ಊರು ನೋಡಬೇಕು ಅಂತ ನಾನೂ ಹೆಂಡತಿಯೂ ಮಾತಾಡಿಕೊಂಡಿದ್ದೆವು. ಅವತ್ತು ಬೆಳಿಗ್ಗೆ ಸೂಟು ಹಾಕಿ ನಿಂತರೆ, ಮಗಳು ಪಿಕಲ್‌ನ ತಂದು ಕೈಗಿಟ್ಟಳು. "ಒಂದಿನ ತಪ್ಪಿಸಿದ್ರೂ ಮರೆತುಬಿಡುತ್ತೆ!" ಅದು ಕೋಟಿನೊಳಗೆ ನುಗ್ಗಿ, ಬೆನ್ನ ಹತ್ತಿರ ಹೋಗಿ ಮಲಗಿಬಿಡ್ತು. ಅರ್ಧ ಗಂಟೆ ಆದಮೇಲೆ ಕಿತ್ತು ಪಂಜರಕ್ಕೆ ಹಾಕಿ, ಕೋಟು ಬಿಚ್ಚಿ ಕಾರಿನ ಹಿಂದಿನ ಸೀಟಿಗೆಸೆದು ಓಡಿದೆ.

ಇಂಟರ್‌ವ್ಯೂನಲ್ಲಿ ಇಬ್ಬರು. ಒಬ್ಬಳು ಅಮೆರಿಕದ ಹೆಂಗಸು, ಪ್ರಶ್ನೆಯೆಲ್ಲಾ ಅವಳದೇ. ಇನ್ನೊಬ್ಬರು ಕನ್ನಡಕದ ಮ್ಯಾನೇಜರು, ತುಟಿ ಪಿಟಕ್ ಅಂದಿರಲಿಲ್ಲ. "ಹಳೇ ಕಂಪನಿ ಮೇಲೆ ಸಿಟ್ಟಿದೆಯಾ?" ಅಂತ ಅವಳು ಅರ್ಧ ಗಂಟೆಯಲ್ಲಿ ಮೂರನೇ ಸಲ ಇಂಗ್ಲಿಷಿನಲ್ಲಿ ಕೇಳಿದಳು.

"ಛೆ ಛೆ, ಒಂಚೂರೂ ಇಲ್ಲ," ಅಂತ ಹಲ್ಲುಕಿರಿದು, ಅಲ್ಲಿತನಕ ತುದಿಯಲ್ಲಿ ಕೂತಿದ್ದವನು ಆರಾಮಾಗಿ ಕುರ್ಚಿಗೆ ಒರಗಿದೆ.

ಬೆನ್ನಿಗೆ ನಾಲ್ಕು ಮುಳ್ಳು ಒಟ್ಟಿಗೇ ಇಳಿದವು. "ಅಯ್ಯಯ್ಯೋ! ನಿನ್ನ ಮನೆ ಹಾಳಾಗ! ಇವತ್ತು ನಿನ್ನ ಕೊಂದೇ ಬಿಡ್ತೀನಿ!" ಅಂತ ಅರಚುತ್ತಾ ಎದ್ದು ನಿಂತೆ. ಹೆಂಗಸು ಬೆಚ್ಚಿ ಹಿಂದಕ್ಕೆ ಸರಿದಳು.

ಆಗ ಮ್ಯಾನೇಜರು ಮೊದಲ ಸಲ ಬಾಯಿಬಿಟ್ಟರು. ಅಪ್ಪಟ ಹುಬ್ಬಳ್ಳಿ ಕನ್ನಡ. "ಯಾರನ್ನ ಕೊಲ್ಲಾವ್ರು ನೀವು?"

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಕೋಟು ಬಿಚ್ಚಿ, ಮುಳ್ಳು ಕಿತ್ತು ಮೇಜಿನ ಮೇಲಿಟ್ಟು, ಕತೆಯೆಲ್ಲಾ ಹೇಳಿದೆ. ಹೇಳ್ತಾ ಹೇಳ್ತಾ ತಡೆಯೋಕಾಗಲಿಲ್ಲ. "ಸಿಟ್ಟಿದೆ ಸಾರ್, ಬೇಕಾದಷ್ಟಿದೆ. ಹದಿನಾಲ್ಕು ವರ್ಷ ದುಡಿದೋನಿಗೆ ಒಂದು ಡಬ್ಬ ಕೊಟ್ಟು ಕಳಿಸಿದ್ರು," ಅಂದುಬಿಟ್ಟೆ.

ಅವರು ಒಂದು ಮುಳ್ಳನ್ನ ಬೆಳಕಿಗೆ ಹಿಡಿದು ನೋಡಿದರು. "ಸಿಟ್ಟಿಲ್ಲ ಸಿಟ್ಟಿಲ್ಲ ಅಂತ ಅರ್ಧಾ ತಾಸಿಂದ ಹೇಳಾಕತ್ತಿದ್ರಿ, ಒಂದ್ ಮಾತೂ ನಂಬಿರಲಿಲ್ಲ ನಾ. ಈಗ ನಂಬಿಕಿ ಬಂತ್ ನೋಡ್ರಿ," ಅಂದರು.

ಎರಡು ದಿನ ಬಿಟ್ಟು ಅದೇ ದನಿ ಫೋನಿನಲ್ಲಿ. "ಸೋಮವಾರದಿಂದ ಬರ್ರಿ. ಆದ್ರ ಬರೂಕಿಂತ ಮೊದ್ಲ ಕೋಟ್ ಝಾಡಿಸ್ಕೊಂಡು ಬರ್ರಿ."