ಸಮುದ್ರದ ಗದಗಿಗೆ ಬಂದ ದೊಡ್ಡವ್ವ

ನಮ್ಮ ದೊಡ್ಡವ್ವನಷ್ಟು ಪೋಲಿಷ್ ಭಾಷೆ ಬಲ್ಲವರು ಇಡೀ ಇಂಡಿ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ! ಉತ್ಪ್ರೇಕ್ಷೆ ಅನ್ನಬೇಡಿ. ಆಕೆಗೆ ಬರುವುದು ಒಂದೇ ಮಾತು, ನಿಜ. ಆದರೆ ಉಳಿದವರಿಗೆ ಆ ಒಂದೂ ಬರುವುದಿಲ್ಲವಲ್ಲ?

ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ. ಇಂಡಿ ಹತ್ತಿರದ ಹೊರ್ತಿಯಾಕೆ. ನಾನು ಶಾಲೆ ಕಲಿಯುವಾಗಲೇ ಅವ್ವ ತೀರಿಕೊಂಡದ್ದರಿಂದ ನನ್ನ ಜಡೆ, ಜ್ವರ, ಮದುವೆ ಎಲ್ಲವೂ ಈಕೆಯ ಪಾಲಿಗೆ ಬಂದವು. ನನ್ನ ಗಂಡ ಮುದ್ದೇಬಿಹಾಳದವರು. ಮೊದಲು ಬಸವನ ಬಾಗೇವಾಡಿ ಕಡೆಯ ಹೊಲಗಳಲ್ಲಿ ನಿಂತಿರುವ, ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದರು. ಈಗ ಪೋಲೆಂಡ್ ದೇಶದ ಗ್ಡಾನ್ಸ್ಕ್ ಎಂಬ ಊರಿನಲ್ಲಿ ಅದೇ ಕೆಲಸ. ಗ್ಡಾನ್ಸ್ಕ್! ಇಲ್ಲೇ ಸಂಸಾರ ಮಾಡುವ ನನ್ನ ನಾಲಿಗೆಗೇ ಆ ಹೆಸರು ಹೊರಳುವುದಿಲ್ಲ. ದೊಡ್ಡವ್ವ ಫೋನಿನಲ್ಲಿ ಅದನ್ನು ಕೇಳಿ, ತಾನೂ ಅಂದು ನೋಡಿ, "ಗದಗ ಅಂದ್ರಾತು ಬಿಡ" ಎಂದು ತೀರ್ಮಾನಿಸಿಬಿಟ್ಟಳು. ಊರಿನವರು "ಗದಗ ಇಲ್ಲೇ ಐತೆಲ್ಲ, ಅದಕ್ಕ ಇಮಾನ ಯಾಕ ಬೇಕ?" ಎಂದು ಕೇಳಿದರೆ, "ಅದು ಬಸ್ಸಿನ ಗದಗ. ಇದು ಸಮುದ್ರದ ಗದಗ" ಎನ್ನುತ್ತಿದ್ದಳಂತೆ.

ಆಕೆ ಬರಬೇಕಾಗಿದ್ದದ್ದು ನನ್ನ ಬಾಣಂತನಕ್ಕೆ. ಪಾಸ್‌ಪೋರ್ಟು, ವೀಸಾ, ಟಿಕೆಟ್ಟು ಎಲ್ಲ ಆಗಿತ್ತು. ಅಷ್ಟರಲ್ಲಿ, ದಿನ ತುಂಬುವ ಮೊದಲೇ, ಹೊಟ್ಟೆಯೊಳಗಿನ ಕೂಸು ಆಡುವುದನ್ನು ನಿಲ್ಲಿಸಿತು. ಹೆತ್ತೆ. ಎತ್ತಿಕೊಂಡೆ. ಇಲ್ಲಿಯ ಮಣ್ಣಿಗೆ ಕೊಟ್ಟು ಬಂದೆವು. ಇದಕ್ಕಿಂತ ಹೆಚ್ಚು ಬರೆಯಲು ಕೈ ಏಳುವುದಿಲ್ಲ.

ನಮ್ಮ ಮನೆಯವರು ಫೋನ್ ಮಾಡಿ, "ದೊಡ್ಡವ್ವಾರ, ಈಗ ಬರೂದು ಬ್ಯಾಡ್ರಿ. ಕೂಸು ಹೋತ್ರಿ" ಅಂದರು. ಆ ಕಡೆಯಿಂದ ದೊಡ್ಡವ್ವನ ಧ್ವನಿ ಬಂತು.

"ಕೂಸು ಹೋತು, ಕೇಳಸ್ತು. ಬಾಣಂತಿ ಅದಾಳಿಲ್ಲೋ?"

"ಅದಾಳ್ರಿ."

"ಮತ್ತ? ಬರ್ತೇನಿ."

ಬಂದಳು. ಇಳಕಲ್ ಸೀರೆ, ಅದರ ಮೇಲೆ ಯಾರದೋ ಗಂಡಸರ ಸ್ವೆಟರು, ಕಾಲಿಗೆ ಬೂಟು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಆಕೆಯ ಚೀಲದಿಂದ, ಬಾಣಂತಿಯ ಉಂಡೆಗೆಂದು ತಂದಿದ್ದ ಅಂಟಿನ ಪೊಟ್ಟಣ ತೆಗೆದು, ಆ ಹಳದಿ ಹರಳುಗಳನ್ನು ಬೆಳಕಿಗೆ ಹಿಡಿದು ಅನುಮಾನದಿಂದ ನೋಡಿದನಂತೆ. ದೊಡ್ಡವ್ವ ಹೆದರಿದಳೇ? ಒಂದು ಹರಳನ್ನು ತನ್ನ ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿದು ತೋರಿಸಿ, ಇನ್ನೊಂದನ್ನು ಅವನ ಕೈಯಲ್ಲಿಟ್ಟಳಂತೆ. "ನಿನ್ನ ಹೇಣ್ತಿ ಹಡದಾಗ ತುಪ್ಪದಾಗ ಹುರದು ಕೊಡಪಾ, ನಡಾ ಗಟ್ಟಿ ಆಗ್ತೈತಿ." ಅವನು ಚೀಲ ಮುಚ್ಚಿ ಕೈ ಮುಗಿದು ಕಳಿಸಿದ ಎಂದು ಆಕೆಯೇ ಹೇಳಿದಳು. ಕೈ ಮುಗಿದದ್ದು ಗೌರವಕ್ಕೋ, ಸಾಕು ತಾಯಿ ಎಂದೋ, ಯಾರು ಕೇಳಬೇಕು!

ಮೊದಲ ದಿನವೇ ಅಂಗಡಿಗೆ ಹೋಗಿ ಬಂದ ದೊಡ್ಡವ್ವನಿಗೆ ಪೋಲೆಂಡ್ ಬಹಳ ಹಿಡಿಸಿತು. ಇಲ್ಲಿಯವರು ನಮಸ್ಕಾರಕ್ಕೆ 'ಜೆನ್ ದೋಬ್ರಿ' ಅನ್ನುತ್ತಾರೆ. ದೊಡ್ಡವ್ವನ ಕಿವಿಗೆ ಬಿದ್ದದ್ದು ಕೊನೆಯ 'ರಿ' ಮಾತ್ರ.

"ಭಾಳ ಮರ್ಯಾದಿ ಮಂದಿ ಯವ್ವಾ! ಯಾರಿಗೆ ಮಾತಾಡಿದ್ರೂ 'ರಿ' ಹಚ್ಚೇ ಮಾತಾಡ್ತಾರ. ಬೆಂಗಳೂರಾಗೂ ಹಿಂಗಿಲ್ಲ."

ಅವತ್ತಿನಿಂದ ಎದುರಿಗೆ ಸಿಕ್ಕ ಎಲ್ಲರಿಗೂ "ದೋಬ್ರಿ!" ಬಸ್ ಡ್ರೈವರನಿಗೆ, ನಾಯಿ ಹಿಡಿದು ಹೋಗುವವರಿಗೆ, ಒಮ್ಮೆ ಬಟ್ಟೆ ಅಂಗಡಿಯ ಗಾಜಿನೊಳಗೆ ನಿಂತ ಗೊಂಬೆಗೂ. ಗೊಂಬೆ ಮಾತ್ರ ಉತ್ತರ ಕೊಡಲಿಲ್ಲ ಎಂದು ಬೇಜಾರು ಮಾಡಿಕೊಂಡಳು. ಇನ್ನು ಸಂತೆಯಲ್ಲಿ ಕಟ್ಟು ಕಟ್ಟು ಸಬ್ಬಸಗಿ ಸೊಪ್ಪು ಕಂಡಾಗಿನ ಸಂಭ್ರಮವಂತೂ ಹೇಳತೀರದು. ಇಲ್ಲಿಯವರು ಆಲೂಗಡ್ಡೆಗೂ ಸಬ್ಬಸಗಿ, ಸೌತೆಕಾಯಿಗೂ ಸಬ್ಬಸಗಿ, ಮೀನಿಗೂ ಸಬ್ಬಸಗಿ ಹಾಕುತ್ತಾರೆ. "ಊರಿಗೂರೇ ಬಾಣಂತ್ಯಾರ ಪಲ್ಲೆ ತಿಂತೈತಲ್ಲ!" ಎಂದು ಬೆರಗಾದಳು.

ನಾನು ಇದನ್ನೆಲ್ಲ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿ ಕೇಳುತ್ತಿದ್ದೆ. ಹೊರಗೆ ಹೋಗುತ್ತಿರಲಿಲ್ಲ. ಕುಡಿಯುವವರಿಲ್ಲದ ಹಾಲು ಎದೆಯಲ್ಲಿ ಕಟ್ಟಿಕೊಂಡು ಕಲ್ಲಾಗಿತ್ತು. ಅದಕ್ಕೂ ದೊಡ್ಡವ್ವ ಎಲೆಕೋಸಿನ ಎಲೆ ಬಿಡಿಸಿ ಕಟ್ಟುತ್ತಿದ್ದಳು.

ನಾನು ನೀರು ಎರೆದುಕೊಂಡ ಮೇಲೆ ತಲೆಗೆ ಲೋಬಾನದ ಹೊಗೆ ಆಗಬೇಕೆಂದು ಹಟ ಹಿಡಿದಳು. ಇಲ್ಲಿಯವರು ಬೇಸಿಗೆಯಲ್ಲಿ ಮಾಂಸ ಸುಡಲು ಬಳಸುವ ಇದ್ದಿಲು ಪೆಟ್ರೋಲ್ ಪಂಪಿನಲ್ಲಿ ಸಿಕ್ಕಿತು. ಕಡಾಯಿಯಲ್ಲಿ ಕೆಂಡ ಮಾಡಿ, ಲೋಬಾನ ಹಾಕಿ, ನನ್ನ ಒದ್ದೆ ಕೂದಲನ್ನು ಅದರ ಮೇಲೆ ಹರವಿದಳೋ ಇಲ್ಲವೋ, ಛಾವಣಿಗೆ ಹಚ್ಚಿದ ಹೊಗೆಯ ಗಂಟೆ ಕಿರುಚಿಕೊಂಡಿತು. ನಮ್ಮ ಮನೆಯವರು ಕುರ್ಚಿ ಹತ್ತಿ ಟವೆಲ್ ಬೀಸತೊಡಗಿದರು. ಕೆಳಗಿನ ಮನೆಯ ಅಜ್ಜಿ ಮೇಲೆ ಓಡಿ ಬಂದು ಬಾಗಿಲು ಬಡಿದರು. ದೊಡ್ಡವ್ವ ಬಾಗಿಲು ತೆರೆದು "ದೋಬ್ರಿ" ಅಂದು, ಬೆಂಕಿ ಇಲ್ಲವೆಂದು ಕೈಯಾಡಿಸಿ, ಅವರನ್ನು ಹೊರಗಿನಿಂದಲೇ ಸಮಾಧಾನ ಮಾಡಿ ಕಳಿಸಿದಳು. ತಿರುಗಿ ಬಂದು ಛಾವಣಿ ನೋಡುತ್ತಾ ಅಂದಳು:

"ಎಷ್ಟ ಒದರ್ತೈತೋ ಮಾರಾಯಾ! ಹಸದೈತೇನೋ, ಯಾರರ ಎತಗೋರಿ."

ಅಂದ ಮೇಲೆ ಆಕೆಗೇ ಹೊಳೆಯಿತು. ಗಂಟೆ ಕೂಗುತ್ತಲೇ ಇತ್ತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕೂಸಿನ ತಳ್ಳುಗಾಡಿ ಇತ್ತು. ಮೊದಲೇ ತಂದಿಟ್ಟದ್ದು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನ ನಮ್ಮ ಮನೆಯವರು ಅದರ ಮೇಲೊಂದು ಚಾದರ ಹೊದಿಸಿದ್ದರು. ಅವರೂ ಮುಟ್ಟುತ್ತಿರಲಿಲ್ಲ, ನಾನೂ ಮುಟ್ಟುತ್ತಿರಲಿಲ್ಲ. ಒಂದು ಮುಂಜಾನೆ ನೀರು ಕುಡಿಯಲು ಎದ್ದು ಬಂದರೆ, ಚಾದರ ಮಡಿಚಿ ಕುರ್ಚಿಯ ಮೇಲಿಟ್ಟಿದೆ. ಗಾಡಿ ಇಲ್ಲ. ದೊಡ್ಡವ್ವನೂ ಇಲ್ಲ!

ನೈಟಿಯ ಮೇಲೆ ಕೋಟು ಎಳೆದುಕೊಂಡು ಚಪ್ಪಲಿಯಲ್ಲೇ ಓಡಿದೆ. ಎಷ್ಟೋ ದಿನಗಳ ಮೇಲೆ ಕಂಡ ಬಿಸಿಲು ಕಣ್ಣು ಕುಕ್ಕಿತು. ಸಂತೆಯ ತಿರುವಿನಲ್ಲಿ ದೊಡ್ಡವ್ವ ಕಂಡಳು. ರಾಜಗಾಂಭೀರ್ಯದಿಂದ ಗಾಡಿ ತಳ್ಳುತ್ತಾ ಬರುತ್ತಿದ್ದಾಳೆ. ಕೂಸು ಮಲಗಬೇಕಾದ ಜಾಗದಲ್ಲಿ ಇದ್ದಿಲಿನ ಚೀಲ, ಒಂದು ಎಲೆಕೋಸು, ಅದರ ಮೇಲೆ ಸಬ್ಬಸಗಿ!

"ದೊಡ್ಡವ್ವಾ, ಅದು ಕೂಸಿನ ಗಾಡಿ!" ಎಂದು ಕಿರುಚಿದೆ. ಬೀದಿಯವರೆಲ್ಲ ತಿರುಗಿ ನೋಡಿದರು.

"ಗೊತ್ತೈತಿ," ಅಂದಳು. "ಇದ್ದಲಿ ನಿನ್ನ ಸಲುವಾಗಿ ಒಯ್ಯಾಕತ್ತೇನಿ. ಪಲ್ಲೆ ನಿನ್ನ ಸಲುವಾಗಿ. ನನ್ನ ಮಣಕಾಲು ನೋಯ್ತಾವ, ಹೊರಾಕ ಆಗೂದಿಲ್ಲ. ಬೈತಿದ್ರ ಮನಿಗಿ ಹೋಗಿ ಬೈ, ಥಂಡಿ ಐತಿ."

ಬೈಯಬೇಕೆಂದೇ ಬಾಯಿ ತೆರೆದೆ. ಆಗಲೇ ಕೆಳಗಿನ ಮನೆಯ ಅಜ್ಜಿ ಆ ಕಡೆಯಿಂದ ಬಂದರು. ನಾನು ಬಸುರಿಯಾಗಿದ್ದುದನ್ನು ಅವರು ಮೆಟ್ಟಿಲ ಮೇಲೆ ದಿನವೂ ನೋಡಿದ್ದರು. ಆಮೇಲಿನದು ಅವರಿಗೆ ಗೊತ್ತಿರಲಿಲ್ಲ. ಗಾಡಿ ಕಂಡದ್ದೇ ಮುಖವೆಲ್ಲ ಅರಳಿ, ಕೂಸಿಗೆ ಮಾಡುವ ಹಾಗೆ ತುಟಿಯಲ್ಲಿ ಸದ್ದು ಮಾಡುತ್ತಾ ಬಗ್ಗಿದರು. ಎಲೆಕೋಸು ನೋಡಿದರು. ಇದ್ದಿಲು ನೋಡಿದರು. ತಲೆ ಎತ್ತಿ ನನ್ನನ್ನು ನೋಡಿದರು.

ನನಗೆ ಪೋಲಿಷ್‌ನಲ್ಲಿ ಆಲೂಗಡ್ಡೆ ಗೊತ್ತು, ಬಿಲ್ಲು ಗೊತ್ತು, ಥ್ಯಾಂಕ್ಸ್ ಗೊತ್ತು. ಇದಕ್ಕೆ ಬೇಕಾದ ಶಬ್ದವನ್ನು ಯಾರು ಕಲಿಸಿರುತ್ತಾರೆ?

ದೊಡ್ಡವ್ವ ಗಾಡಿ ಬಿಟ್ಟು, ಎರಡೂ ತೋಳು ಕೂಡಿಸಿ ಕೂಸು ತೂಗುವ ಹಾಗೆ ಮಾಡಿದಳು. ಆಮೇಲೆ ತೋಳು ಬಿಚ್ಚಿ ಖಾಲಿ ಅಂಗೈ ತೋರಿಸಿದಳು. ಅಜ್ಜಿ ಕೈಗವಸು ತೆಗೆದು, ತಣ್ಣಗಿನ ಅಂಗೈಯನ್ನು ನನ್ನ ಕೆನ್ನೆಗಿಟ್ಟರು. ದೊಡ್ಡವ್ವನ ಕಡೆ ತಿರುಗಿ ಬಹಳ ಹೊತ್ತು ಏನೇನೋ ಹೇಳಿದರು. ದೊಡ್ಡವ್ವ "ಹೂನ್ರಿ, ಹೌದ್ರಿ" ಎನ್ನುತ್ತಾ ಕೇಳಿದಳು.

"ಏನಂದ್ರು?" ಎಂದೆ.

"ಅವರದೂ ಒಂದು ಹೋಗಿತ್ತಂತ."

"ನಿನಗ ಹೆಂಗ ತಿಳೀತು?"

"ಅವರೂ ನನ್ನಂಗ ಕೈ ಮಾಡಿದ್ರಲ್ಲ, ನೋಡ್ಲಿಲ್ಲೇನು ನೀ?"

ನಾನು ನೋಡಿರಲಿಲ್ಲ. ನನ್ನ ಕಣ್ಣು ತುಂಬಿದ್ದವು.

ಮನೆಯವರೆಗೆ ಗಾಡಿ ತಳ್ಳಿದವರು ಆ ಅಜ್ಜಿಯೇ. ದಾರಿಯಲ್ಲಿ ಯಾರೋ ಒಬ್ಬ ಹೆಂಗಸು ನಗುತ್ತಾ ಗಾಡಿಯೊಳಗೆ ಇಣುಕಿ ಗಲಿಬಿಲಿಯಾದಳು. ದೊಡ್ಡವ್ವ ಸುಮ್ಮನಿರಬೇಕಲ್ಲ! ಇದ್ದಿಲಿನ ಚೀಲ ತಟ್ಟಿ, "ದೋಬ್ರಿ! ಅಪ್ಪನ ಬಣ್ಣ ಬಂದೈತ್ರಿ" ಎಂದಳು. ನಮ್ಮ ಮನೆಯವರ ಬಣ್ಣ ನೋಡಿದವರಿಗೆ ಮಾತ್ರ ಇದು ತಿಳಿಯುತ್ತದೆ. ನಡುಬೀದಿಯಲ್ಲಿ ನಾನು ಗೊಳ್ಳೆಂದು ನಕ್ಕೆ. ನಗುತ್ತಾ ನಗುತ್ತಾ ಅದು ಅಳುವಾಯಿತು. ಎರಡೂ ಬದಿಗೆ ಒಬ್ಬೊಬ್ಬ ಮುದುಕಿ ನಿಂತು, ಅದು ಮುಗಿಯುವ ತನಕ ಕಾದರು.

ಅವತ್ತಿನಿಂದ ನಾನೂ ಸಂತೆಗೆ ಹೋಗತೊಡಗಿದೆ. ಮುಗಿದ ಬಾಣಂತನಕ್ಕೆ ದೊಡ್ಡವ್ವ ಎಷ್ಟು ದಿನ ಇದ್ದಾಳು? ಹೊರಡುವ ಹಿಂದಿನ ದಿನ ಮಧ್ಯಾಹ್ನ ನನ್ನನ್ನು ನೆಲದ ಮೇಲೆ ಕೂರಿಸಿಕೊಂಡು ತಲೆ ಹಿಕ್ಕುತ್ತಿದ್ದಳು. ಇಷ್ಟು ದಿನವೂ ಊರಿನಿಂದ ಫೋನು ಬರುತ್ತಲೇ ಇದ್ದವು. 'ಮರತುಬಿಡು' ಎಂದವರಿದ್ದರು, 'ಮುಂದ ಆಗ್ತಾವ' ಎಂದವರಿದ್ದರು, ಏನೂ ಆಗಿಯೇ ಇಲ್ಲವೆಂಬಂತೆ ಇಲ್ಲಿಯ ಚಳಿಯ ಬಗ್ಗೆ ಕೇಳಿದವರಿದ್ದರು. ದೊಡ್ಡವ್ವ ಬಾಚಣಿಗೆ ನಿಲ್ಲಿಸಿ ಹಿಂದಿನಿಂದ ಮೆಲ್ಲಗೆ ಕೇಳಿದಳು:

"ಕೂಸು ಯಾರ್ಹಂಗಿತ್ತ ಯವ್ವಾ?"

ಯಾರೂ ಕೇಳಿರಲಿಲ್ಲ. ನನ್ನ ಗಂಡನೂ ಕೇಳಿರಲಿಲ್ಲ. ಪಾಪ, ಅವರಿಗೆ ನೋಡುವ ಧೈರ್ಯವೇ ಆಗಿರಲಿಲ್ಲ. ನಾನು ಹೇಳುತ್ತಾ ಹೋದೆ. ಹೆಣ್ಣು. ತಲೆ ತುಂಬ ಕೂದಲು. ಉದ್ದ ಬೆರಳು. ನಿದ್ದೆ ಮಾಡುವವರ ಹಾಗೆ ಬಾಯಿ ಸ್ವಲ್ಪ ತೆರೆದಿತ್ತು.

"ಕಿವಿ ನಿನ್ಹಂಗ ಇದ್ದವು, ದೊಡ್ಡವ್ವಾ. ಅಗಲ."

ತಿರುಗಿ ನೋಡಿದೆ. ಬಾಚಣಿಗೆ ತೊಡೆಯ ಮೇಲೆ ಬಿದ್ದಿತ್ತು. ಬಂದಾಗಿನಿಂದ ಒಮ್ಮೆಯೂ ಅಳದ ದೊಡ್ಡವ್ವ, ಎರಡೂ ಕೈಯಿಂದ ತನ್ನ ಕಿವಿಗಳನ್ನು ಹಿಡಿದುಕೊಂಡು ಅಳುತ್ತಿದ್ದಳು.