ಮರಿಸ್ವಾಮಿಯ ಕೈಗೆ ಕೆಂಪು ಪೆನ್ನು

ಮಗಳು ಮೇಘಶ್ರೀ ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಒಂದು ಕಂಪನಿಯೂ ಇಂಟರ್‌ವ್ಯೂಗೆ ಕರೆದಿರಲಿಲ್ಲ. ಮತ್ತಿಗಿರಿಯ ಬಾಡಿಗೆ ಮನೆಯಲ್ಲಿ ಮರಿಸ್ವಾಮಿ ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ಓಡಾಡಿ ಓಡಾಡಿ ನೆಲ ಸವೆಸಿದ್ದ. ಮಗಳ ಫೋನು ಗುಂಯ್ ಎಂದರೆ ಇವನು ಹಾರಿ ಬೀಳುತ್ತಿದ್ದ. (ಅದು ಯಾವಾಗಲೂ ಸಿಲಿಂಡರಿನ ಮೆಸೇಜು.)

“ಮಾರ್ಕ್ಸ್ ನೋಡಾಕಿಲ್ಲ, ಬುದ್ಧಿ ನೋಡಾಕಿಲ್ಲ! ಸೂಳಗಿರಿ ಕಡೆ ಸಣ್ ಕಾಲೇಜು ಅಂದೇಟ್ಗೆ ಅರ್ಜಿ ಎಸೀತಾರಂತಲ್ಲ, ಅವ್ರ ಕೈ ಸೇದೋಗ!”

“ಮೆತ್ಗೆ ಶಾಪ ಹಾಕಿ, ಬೀದಿಗೆಲ್ಲ ಕೇಳ್ತದೆ. ನಿಮ್ ಫ್ಯಾಕ್ಟ್ರೀಲೇ ಒಂದ್ಮಾತು ಕೇಳ್ಬಾರ್ದಾ?” ಎಂದಳು ಹೆಂಡತಿ ಇಂದ್ರಮ್ಮ.

“ಸಿಫಾರಸ್ಸಾ? ಈ ಮರಿಸ್ವಾಮೀನಾ? ಆಗಾಕಿಲ್ಲ, ಹೋಗು!”

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮರುದಿನ ಅವನಿಗೆ ಹೇಳದೆ ಅದೇ ಫ್ಯಾಕ್ಟರಿಯ ಗೇಟಿನ ಡಬ್ಬಕ್ಕೆ ಮೇಘಶ್ರೀಯ ಅರ್ಜಿ ಹಾಕಿಬಂದರು.

ಆ ವಾರವೇ ಮ್ಯಾನೇಜರ್ ಗೋಪಿನಾಥ್, ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಮರಿಸ್ವಾಮಿಯನ್ನು ಕರೆದು ಇನ್ನೂರು ಅರ್ಜಿಗಳ ಕಟ್ಟನ್ನೂ ಹತ್ತು ದೊಡ್ಡ ಕಾಲೇಜುಗಳ ಪಟ್ಟಿಯನ್ನೂ ಕೊಟ್ಟರು. “ಪಟ್ಟೀಲಿರೋವು ನನ್ನ ಟೇಬಲ್‌ಗೆ. ಉಳಿದವಕ್ಕೆ ಕಾರಣ ಬರೆದು, ಸೈನ್ ಮಾಡಿ, ರಟ್ಟಿನ ಪೆಟ್ಟಿಗೆಗೆ ಹಾಕಿಬಿಡಿ.”

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ಸಿಕ್ಕ ಕೆಂಪು ಪೆನ್ನು! ಮರಿಸ್ವಾಮಿಗೆ ಸಿಂಹಾಸನವೇರಿದಂತಾಯಿತು. ಊಟದ ಬೆಲ್ಲು ಹೊಡೆಯುವಷ್ಟರಲ್ಲಿ ಕಟ್ಟನ್ನೆಲ್ಲ ಸಂಹರಿಸಿದ. (ನೂರು ದಾಟಿದ ಮೇಲೆ ಕಣ್ಣು ಓದುತ್ತಿರಲಿಲ್ಲ, ಕೈ ಮಾತ್ರ ಬರೆಯುತ್ತಿತ್ತು.)

“ನಮ್ ಫ್ಯಾಕ್ಟ್ರೀಗೆ ಬಂದ ಇನ್ನೂರು ಅರ್ಜಿ ಕಣೇ, ಎರಡೇ ಗಂಟೆ! ಪಟ್ಟೀಲಿಲ್ದ ಕಾಲೇಜಿನವೆಲ್ಲ ಪೆಟ್ಟಿಗೆಗೆ!” ಎಂದು ಸಂಜೆ ಮನೆಯಲ್ಲಿ ಬೀಗಿದ.

ಇಂದ್ರಮ್ಮನ ಕೈಯ ಸೌಟು ಅಲ್ಲೇ ನಿಂತಿತು. “ಅಯ್ಯೋ ನಿಮ್ಮ ಮನೆ ಕಾಯೋಗ! ಅದ್ರಾಗೆ ನಮ್ ಮೇಘೂದೂ ಇತ್ತಲ್ರೀ!”

ಮೇಘಶ್ರೀ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಜಗಳವಾಡಿದ್ದರೇ ಚೆನ್ನಾಗಿತ್ತು ಎಂದುಕೊಂಡ ಮರಿಸ್ವಾಮಿ.

ಬೆಳಗಾಗುತ್ತಲೇ ಪೆಟ್ಟಿಗೆ ತಡಕಿ, ಮಗಳ ಅರ್ಜಿ ಹಿಡಿದು ಮ್ಯಾನೇಜರ್ ಮುಂದೆ ನಿಂತ. “ನನ್ ಮಗ್ಳು, ಸಾರ್. ಬಾಳ ಬುದ್ಧಿವಂತೆ. ಒಂದೇ ಒಂದ್ಸಲ ಕರ್ದು ಮಾತಾಡ್ಸಿ, ಸಾರ್.” ಅರ್ಜಿಯನ್ನು ಟೇಬಲ್ ಮೇಲಿಟ್ಟ.

ಗೋಪಿನಾಥ್ ಅರ್ಜಿಯನ್ನು ಎರಡು ಸಲ ಓದಿದರು. ಮೇಲ್ಗಡೆ, ‘ತಂದೆಯ ಹೆಸರು: ಮರಿಸ್ವಾಮಿ.’ ಕೆಳಗಡೆ ಕೆಂಪಕ್ಷರದಲ್ಲಿ, ‘ಈ ಕಾಲೇಜಿನ ಹೆಸರನ್ನೇ ನಾನು ಕೇಳಿಲ್ಲ. ಬೇಡ. ಮರಿಸ್ವಾಮಿ.’

ಕನ್ನಡಕ ತೆಗೆದು ಅವನನ್ನೇ ನೋಡಿದರು.

“ಅಲ್ಲಾ ಮರಿಸ್ವಾಮಿ, ನಾಲ್ಕು ವರ್ಷ ಫೀಸು ಎಲ್ಲಿಗೆ ಕಟ್ತಾ ಇದ್ರಿ?”